ಮೂರು ಟವೆಲ್ಲು, ಒಂದು ಕತ್ತೆ

ಗಾಳೆಪ್ಪನ ಎಲ್ಲ ಕಷ್ಟಕ್ಕೂ ಅವನ ಎಡ ಹುಬ್ಬೇ ಕಾರಣ. ಇಸ್ಪೀಟು ಆಡುವಾಗ ಕೈಗೊಂದು ದೊಡ್ಡ ಎಲೆ ಬಂದರೆ ಸಾಕು, ಅದು ಹೆಡೆ ಎತ್ತಿದ ಹಾವಿನಂತೆ ಮೇಲೇರಿ ತಲೆಗೂದಲಲ್ಲಿ ಮರೆಯಾಗುತ್ತಿತ್ತು. ಎಕ್ಕ ಬಂದರೆ ಪೂರ್ತಿ, ರಾಜ ಬಂದರೆ ಮುಕ್ಕಾಲು, ರಾಣಿ ಬಂದರೆ ಅರ್ಧ. ಎದುರಿಗೆ ಕುಳಿತವರು ತಮ್ಮ ಎಲೆ ನೋಡುವುದನ್ನು ಬಿಟ್ಟು ಅವನ ಹುಬ್ಬು ನೋಡಿಕೊಂಡೇ ಆಡುತ್ತಿದ್ದರು.

ಆಟ ನಡೆಯುತ್ತಿದ್ದುದು ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಬೆಳಗಿನ ಬಸ್ಸಿನ ಕೊನೆಯ ಸೀಟಿನಲ್ಲಿ. ಆಡುವವರು ಮೂವರು: ಗುಮಾಸ್ತ ಗಾಳೆಪ್ಪ, ಶಾಲೆಯ ಮಾಸ್ತರ ಮಲೀಕಸಾಬ, ನರ್ಸ್ ದೀಪಾ. ಮೂವರ ಮನೆಯೂ ಸಿಂಧನೂರಿನಲ್ಲಿ, ಮೂವರ ನೌಕರಿಯೂ ಲಿಂಗಸುಗೂರಿನಲ್ಲಿ. ಆಟದ ಹೆಸರು ಕತ್ತೆ. ಎಲ್ಲರೂ ಕೈಯಲ್ಲಿನ ಎಲೆ ಖಾಲಿ ಮಾಡಬೇಕು. ದೊಡ್ಡ ಎಲೆ ಇದ್ದಷ್ಟೂ ಕೆಳಗೆ ಬಿದ್ದ ಎಲೆಗಳೆಲ್ಲ ತಿರುಗಿ ತಮ್ಮ ಕೈಗೇ ಬರುವ ಭಯ. ಕೊನೆಗೆ ಯಾರ ಕೈಯಲ್ಲಿ ಉಳಿಯುತ್ತವೋ ಅವರೇ ಕತ್ತೆ. ಆಟದಲ್ಲಿ ದುಡ್ಡಿನ ಮಾತೇ ಇಲ್ಲ. ಆದರೆ ಕತ್ತೆಯಾದವರು ಮರುದಿನ ನಸುಕಿನಲ್ಲೇ ಬಸ್‌ಸ್ಟ್ಯಾಂಡಿಗೆ ಹೋಗಿ, ಬಸ್ಸು ನಿಲ್ಲುವ ಮೊದಲೇ ಅದರ ಜೊತೆ ಓಡುತ್ತ, ಹಿಂದಿನ ಕಿಟಕಿಯೊಳಗೆ ಮೂರು ಟವೆಲ್ ಎಸೆದು ಮೂರು ಸೀಟು ಹಿಡಿಯಬೇಕು. ಹೆಂಗಸರಿಗೆ ಟಿಕೆಟ್ ಇಲ್ಲವೆಂದಾದ ಮೇಲೆ ಆ ಬಸ್ಸಿನಲ್ಲಿ ಸೀಟು ಸಿಗುವುದಿರಲಿ, ಕಾಲಿಡಲೂ ಜಾಗವಿರುತ್ತಿರಲಿಲ್ಲ.

ಉಗಾದಿ ಕಳೆದಾಗಿನಿಂದ ಆ ಟವೆಲ್ ಎಸೆಯುತ್ತಿದ್ದವನು ಗಾಳೆಪ್ಪ ಒಬ್ಬನೇ. ಅವನು ಓಡಿ ಬಂದರೆ ಬಸ್‌ಸ್ಟ್ಯಾಂಡಿನ ನಾಯಿಗಳೂ ಎದ್ದು ದಾರಿ ಬಿಡುತ್ತಿದ್ದವು.

ಅಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಲೇ ಹೆಂಡತಿ ಅಂಬಿಕಾ ಬಾಂಬು ಹಾಕಿದಳು.

"ನಾಳೆ ನಳ ಬರ್ತೈತಿ. ವಾರಕ್ಕೊಮ್ಮೆ ಬರೋ ನೀರು. ನೀವು ಟವೆಲ್ ಹಿಡ್ಕಂಡು ಬಸ್ಸಿನ ಹಿಂದ ಓಡ್ತೀರಿ, ನಾ ಇಲ್ಲಿ ಕೊಡ ಹೊತ್ತು ನಡಾ ಮುರ್ಕಂತೀನಿ. ನಾಳೆ ನೀರು ನೀವೇ ಹಿಡೀಬೇಕು."

"ಇವತ್ತು ನಾ ಕತ್ತೆ ಆಗ್ಲಿಲ್ಲ ಅಂದ್ರ ಹಿಡೀತೀನಿ."

"ಕತ್ತೆ ಆದ್ರ ಮುಕ್ಕುಂದದಿಂದ ನಮ್ಮವ್ವನ್ನ ಕರಸ್ತೀನಿ. ದೀಪಾವಳಿ ತನ ಇರ್ತಾಳ."

ಗಾಳೆಪ್ಪ ಮುರಿದ ರೊಟ್ಟಿಯನ್ನು ತಿರುಗಿ ತಟ್ಟೆಗಿಟ್ಟ. ಅತ್ತೆ ಪೀರಮ್ಮ ಹೋದ ಸಲ ಎರಡು ದಿನಕ್ಕೆಂದು ಬಂದವಳು ಮಳೆಗಾಲ ಮುಗಿಸಿಕೊಂಡು ಹೋಗಿದ್ದಳು. ಅಷ್ಟೂ ದಿನ ಅಳಿಯನಿಗೆ ಬೆಳಗಾದರೆ ಲೋಟದ ತುಂಬ ಬೇವಿನ ರಸ. ಅಳಿಯ ಊಟಕ್ಕೆ ಕುಳಿತರೆ ಅವಳೂ ಎದುರಿಗೇ ಕುಳಿತು, ಅವನು ರೊಟ್ಟಿ ಮುರಿದಾಗಲೆಲ್ಲ, "ಮದುವಿಕಿಂತ ಮುಂಚೆ ನಮ್ ಹುಡುಗನ ಹೊಟ್ಟಿ ಸಣ್ಣದು ಅಂದಿದ್ರು ನೋಡ್ರಿ," ಎಂದು ಗೋಡೆಗೆ ಹೇಳುತ್ತಿದ್ದಳು.

ಆದರೆ ಗಾಳೆಪ್ಪ ಅಂದು ಬರಿಗೈಯಲ್ಲಿ ಹೊರಟಿರಲಿಲ್ಲ. ಕತ್ತೆ ಆಟ ಫೋನಿನಲ್ಲೂ ಬಂದಿದೆಯೆಂದು ಅವನಿಗೆ ಆಫೀಸಿನಲ್ಲಿ ತಿಳಿದಿತ್ತು. ಹಿಂದಿನ ಸಂಜೆ ತನ್ನ ಫೋನು ಚಾರ್ಜಿಗೆ ಇಟ್ಟಿದ್ದರಿಂದ ಹೆಂಡತಿಯ ಫೋನಿನಲ್ಲೇ ಅದನ್ನು ಹಾಕಿ, 'ಗಾಳೆಪ್ಪ' ಎಂದು ಹೆಸರು ಬರೆದು, ಅವಳ ಪಕ್ಕದಲ್ಲೇ ಕುಳಿತು ಅಭ್ಯಾಸ ಮಾಡಿದ್ದ. ಬೆಳಿಗ್ಗೆ ಅದೇ ಹೆಸರಿನಲ್ಲಿ ತನ್ನ ಫೋನಿನಲ್ಲೂ ಹಾಕಿಕೊಂಡ. ಫೋನಿನಲ್ಲಿ ಆಡಿದರೆ ಎದುರುಬದುರು ಕೂರಬೇಕಿಲ್ಲ. ಕೂರದಿದ್ದರೆ ಹುಬ್ಬು ಕಾಣುವುದಿಲ್ಲ. ಇಷ್ಟು ಸರಳ ಉಪಾಯ ಇಷ್ಟು ದಿನ ಹೊಳೆಯಲಿಲ್ಲವಲ್ಲ ಎಂದು ತನ್ನನ್ನೇ ಬೈದುಕೊಂಡ.

ಬಸ್ಸಿನಲ್ಲಿ ವಿಷಯ ಎತ್ತಿದ್ದೇ ತಡ, ಮಲೀಕಸಾಬ ಮಾಸ್ತರರು ಸಿಡಿದರು.

"ಫೋನ್‌ನಾಗ ಎಲಿ ಆಡ್ಬೇಕಾ? ನಾಳೆ ಫೋನ್‌ನಾಗ ಬಿರ್ಯಾನಿ ತೋರಿಸಿ, ಉಂಡಿ, ಕೈ ತೊಳ್ಕೊ ಅಂತಿ!"

ಅವರು ಕರವಸ್ತ್ರ ಬಿಚ್ಚಿ ತಮ್ಮ ಎಲೆಗಳನ್ನು ಹೊರತೆಗೆದರು. ಆಡಿ ಆಡಿ ಅವು ಹೋಳಿಗೆಯಷ್ಟು ಮೆತ್ತಗಾಗಿದ್ದವು. ಕಳೆದುಹೋದ ಕಳಾವರ್ ಏಳರ ಬದಲು ಅವರ ಮಗಳ ಮದುವೆ ಕಾರ್ಡಿನಿಂದ ಕತ್ತರಿಸಿದ ಕೆಂಪು ತುಂಡೊಂದಿತ್ತು. ಅದು ಯಾರ ಕೈಯಲ್ಲಿದೆ ಎಂಬುದು ಡ್ರೈವರನಿಗೂ ಗೊತ್ತಾಗುತ್ತಿತ್ತು.

"ಹೋದ ವಾರ ಆಠೀನ್ ರಾಣಿ ಕಿಟಕಿಯಿಂದ ಹಾರಿ ಹೋತು," ಎಂದ ಗಾಳೆಪ್ಪ. "ಗೊರೇಬಾಳದ ಹತ್ರ ಬಸ್ ನಿಲ್ಲಿಸಿ ಗದ್ದ್ಯಾಗ ಇಳಿದು ತಂದಾಂವ ನಾನು. ಮೊಣಕಾಲ ತನ ಕೆಸರು! ಫೋನ್‌ನಾಗಿನ ರಾಣಿ ಹಾರ್ತಾಳೇನ್ರಿ?"

"ಹಾರಲಾರದಾಕಿ ಎಂಥಾ ರಾಣಿ?" ಎಂದರು ಮಾಸ್ತರರು.

ಮಸ್ಕಿಗೆ ಬದನೆಕಾಯಿ ಮಾರಲು ಹೊರಟಿದ್ದ ಬಸ್ಸಮ್ಮ ಬುಟ್ಟಿಯ ಮೇಲೆ ಕುಳಿತಲ್ಲಿಂದಲೇ ನ್ಯಾಯ ಹೇಳಿದಳು. "ಕೈಯಾಗ ಎಲಿ ಇದ್ರ ನಮಗೂ ಕಾಣ್ತಾವು. ನೀವು ಫೋನ್ ಒತ್ಕಂತ ಕುಂತ್ರ ನಾವು ಮಸ್ಕಿ ತನ ಏನ್ ನೋಡ್ಬೇಕು? ಗಾಳೆಪ್ಪನ ಹುಬ್ಬು ನೋಡ್ಲಿಲ್ಲ ಅಂದ್ರ ನನಗ ಬೋಣಿನೇ ಆಗಲ್ಲ."

ಇಡೀ ಬಸ್ಸು ನಕ್ಕಿತು. ದೀಪಾ ನಡುವೆ ಬಾಯಿ ಹಾಕಿದಳು.

"ಮಾಸ್ತರ್ರ, ಮಸ್ಕಿ ತನ ಫೋನ್‌ನಾಗ ಆಡೂಣು. ಅಷ್ಟರಾಗ ಆಟ ಮುಗೀತಂದ್ರ ಅದೇ ಖರೆ. ಮುಗೀಲಿಲ್ಲ ಅಂದ್ರ ಮಸ್ಕಿಯಿಂದ ಲಿಂಗಸುಗೂರು ತನ ನಿಮ್ ಎಲಿ."

ಮಾಸ್ತರರು ಗೊಣಗುತ್ತಲೇ ಒಪ್ಪಿ, ದೀಪಾಳ ಕೈಯಿಂದ ತಮ್ಮ ಫೋನಿಗೂ ಆಟ ಹಾಕಿಸಿಕೊಂಡರು. ಗಾಳೆಪ್ಪ ಎದ್ದವನೇ ಜನರನ್ನು ತುಳಿದುಕೊಂಡು ಮುಂದೆ ಹೋದ. ಕಂಡಕ್ಟರ್ ಚಾಂದ್‌ಪಾಷಾನ ಸೀಟಿನ ಪಕ್ಕ ಅಂಟಿಕೊಂಡು ಕುಳಿತು, ಹುಬ್ಬಿಗೆ ಪೂರ್ತಿ ಸ್ವಾತಂತ್ರ್ಯ ಕೊಟ್ಟು ಆಟ ಶುರು ಮಾಡಿದ.

ಎಲೆಗಳು ಬಂದವು. ಎರಡು ಎಕ್ಕ, ಮೂರು ರಾಜ! ಹುಬ್ಬು ಟೋಪಿಯ ಜಾಗ ಹುಡುಕಿತು. ಯಾರೂ ನೋಡಲಿಲ್ಲವೆಂದು ಗಾಳೆಪ್ಪ ನಿಟ್ಟುಸಿರು ಬಿಡುವಷ್ಟರಲ್ಲಿ ಭುಜದ ಮೇಲೆ ಯಾರದೋ ಗಲ್ಲ ಬಂದು ಕುಳಿತಿತು. ಬಸ್ಸಮ್ಮ ಬುಟ್ಟಿ ಸಮೇತ ಮುಂದೆ ಬಂದಿದ್ದಳು.

"ಏ ದೀಪವ್ವಾ! ಇವನ ಹತ್ರ ಎರಡು ಎಕ್ಕ ಅದಾವ ನೋಡ!"

"ಸುಮ್ನಿರಬೇ ಬಸ್ಸವ್ವಾ!"

"ನನಗ್ಯಾಕ ಜೋರು ಮಾಡ್ತಿ? ಎಷ್ಟ್ ದೊಡ್ಡದಾಗಿ ಕಾಣ್ತಾವು ಇವು! ಮಾಸ್ತರನ ಎಲಿಗಿಂತ ಇವೇ ಚೊಲೊ."

ಗಾಳೆಪ್ಪ ಫೋನನ್ನು ಅಂಗಿಯೊಳಗೆ ಹಾಕಿಕೊಂಡು, ಕಾಲರಿನಿಂದ ಇಣುಕಿ ಆಡತೊಡಗಿದ. ಆಗ ಆಟದ ನಡುವೆ ಜಾಹೀರಾತು ಬಂತು. ಹೆಣ್ಣುದನಿಯೊಂದು ಅವನ ಎದೆಯೊಳಗಿಂದ ಕಿರುಚಿತು: "ತೊಡೆಸಂದಿಯಲ್ಲಿ ತುರಿಕೆಯೇ? ನಾಚಿಕೆ ಬಿಡಿ!"

ಬಸ್ಸಿನವರೆಲ್ಲ ತಿರುಗಿ ನೋಡಿದರು. ಚಾಂದ್‌ಪಾಷಾ ಟಿಕೆಟ್ ಮಷೀನು ಎತ್ತಿಕೊಂಡು ಮೆಲ್ಲಗೆ ದೂರ ಸರಿದ. ಬಸ್ಸಮ್ಮ ಮಾತ್ರ ಹತ್ತಿರ ಬಂದು, "ಬೇವಿನ ಎಲಿ ಅರೆದು ಹಚ್ಚೋ ತಮ್ಮಾ. ಮುಚ್ಚಿಟ್ರ ಹೆಚ್ಚಾಗ್ತೈತಿ," ಎಂದಳು.

ಬೇವು ಎಂದೊಡನೆ ಗಾಳೆಪ್ಪನಿಗೆ ಅತ್ತೆಯ ನೆನಪಾಗಿ ಬೆವರು ಬಂತು. ಫೋನು ಹೊರತೆಗೆದು ನೋಡುತ್ತಾನೆ, ನೆಟ್‌ವರ್ಕೇ ಇಲ್ಲ! ಪರದೆಯ ನಡುವೆ ಒಂದು ಚಕ್ರ ಗಾಣದ ಎತ್ತಿನಂತೆ ತಿರುಗುತ್ತಿತ್ತು. ಹಿಂದಿನವರಿಬ್ಬರ ಸಿಮ್ಮಿನ ಕಂಪನಿ ಬೇರೆ. ಅವರು ಆಡುತ್ತಲೇ ಇದ್ದರು. ಗಾಳೆಪ್ಪ ಸೀಟಿನ ಮೇಲೆ ನಿಂತ. ಫೋನನ್ನು ಬಸ್ಸಿನ ಛಾವಣಿಗೆ ಒತ್ತಿದ. ಕೊನೆಗೆ ಕಿಟಕಿಯಿಂದ ಕೈ ಹೊರಗೆ ಚಾಚಿ, ಆಕಾಶಕ್ಕೆ ಆರತಿ ಎತ್ತುವವನಂತೆ ಫೋನು ಹಿಡಿದು ನಿಂತ.

"ಏ ಗಾಳೆಪ್ಪಣ್ಣ, ಕೈ ಒಳಗ ತಗೋರಿ!" ಚಾಂದ್‌ಪಾಷಾ ಕೂಗಿದ. "ಎದುರಿಗೆ ಲಾರಿ ಬಂದ್ರ ಫೋನೂ ಇಲ್ಲ, ಕೈನೂ ಇಲ್ಲ!"

"ಅತ್ತಿ ಬರ್ತಾಳೋ ಮಾರಾಯ!"

"ಅತ್ತಿ ಬರ್ತಾಳಂತ ಕೈ ಯಾಕ ಕಳ್ಕಂತೀರಿ?"

ಹೀಗೆ ದಾರಿಯೆಲ್ಲ ಕಳೆಯಿತು. ಮಸ್ಕಿಯ ಬೆಟ್ಟ ಕಾಣತೊಡಗಿದಾಗ ಚಕ್ರ ನಿಂತಿತು. ಗಾಳೆಪ್ಪ ಕಣ್ಣು ಮುಚ್ಚಿಕೊಂಡ. ಫೋನಿನಿಂದ ಪಟಾಕಿ ಸದ್ದು ಬಂತು. ಕಣ್ಣು ಬಿಟ್ಟರೆ ಪರದೆಯ ತುಂಬ ಹೂಮಳೆ: 'ಗಾಳೆಪ್ಪ ಗೆದ್ದರು!'

ಅದೇ ಹೊತ್ತಿಗೆ ಹಿಂದಿನ ಸೀಟಿನಿಂದ ಗಂಟಲು ಬಿರಿಯುವಂಥ ಕತ್ತೆಯ ಕೂಗು ಕೇಳಿಸಿತು. ಈ ಫೋನಿನ ಆಟದಲ್ಲಿ ಸೋತವರ ಫೋನೇ ಅರಚಿ ಊರಿಗೆಲ್ಲ ಸಾರುತ್ತದೆಂದು ಮಾಸ್ತರರಿಗೆ ಯಾರೂ ಹೇಳಿರಲಿಲ್ಲ. ಅವರು ಫೋನನ್ನು ಕರವಸ್ತ್ರದಲ್ಲಿ ಸುತ್ತಿದರು, ತೊಡೆಯ ಕೆಳಗಿಟ್ಟುಕೊಂಡರು. ಕತ್ತೆ ಅಲ್ಲಿಂದಲೂ ಕೂಗಿತು.

"ಎರಡು ಎಕ್ಕ ಇಟ್ಕಂಡು ಹೆಂಗ ಗೆದ್ದೆಲೇ ನೀ?" ಎಂದರು ಮಾಸ್ತರರು, ಕೂಗು ನಿಂತ ಮೇಲೆ.

ನೆಟ್‌ವರ್ಕ್ ಹೋದಾಗ ಫೋನು ತಾನೇ ಆಡಿರಬೇಕೆಂದು ಗಾಳೆಪ್ಪ ಅಂದುಕೊಂಡಿದ್ದ. ಆದರೂ ಹಣೆ ತಟ್ಟಿ ತೋರಿಸಿದ. "ಇದು ಮಾಸ್ತರ್ರ, ಇದು! ಬುದ್ಧಿ!"

ದೀಪಾ ಕಣ್ಣು ಕಿರಿದು ಮಾಡಿದಳು. "ನೀವು ಕೈ ಕಿಟಕಿಯಿಂದ ಹೊರಗ ಹಾಕಿ ನಿಂತಿದ್ರೆಲ್ಲ ಅಣ್ಣಾ? ಯಾವ ಕೈಲೆ ಆಡಿದ್ರಿ?"

ಗಾಳೆಪ್ಪನಿಗೆ ಅದು ಕೇಳಿಸಲಿಲ್ಲ. ಮಸ್ಕಿಯಲ್ಲಿ ಬಸ್ಸು ನಿಂತಾಗ ಇಳಿದು, ಎಲ್ಲರಿಗೂ ಮಿರ್ಚಿ ಕೊಡಿಸಿದ. ಬಸ್ಸಮ್ಮನಿಗೆ ಎರಡು ಹೆಚ್ಚಿಗೆ. ಗೆದ್ದ ಸುದ್ದಿ ಹೇಳಲು ಲಿಂಗಸುಗೂರಿನಲ್ಲಿ ಇಳಿದವನೇ ಹೆಂಡತಿಗೆ ಫೋನು ಹಚ್ಚಿದ. ಬ್ಯುಸಿ. ಮಧ್ಯಾಹ್ನ ಹಚ್ಚಿದ. ಬ್ಯುಸಿ. ಇರಲಿ, ಮುಖ ನೋಡಿಯೇ ಹೇಳೋಣವೆಂದು ಸಂಜೆ ಜಿಲೇಬಿ ಕಟ್ಟಿಸಿಕೊಂಡು ಬಸ್ಸು ಹತ್ತಿದ. ದಾರಿಯುದ್ದಕ್ಕೂ ಅವನ ಕಣ್ಣ ಮುಂದೆ ನಾಳೆಯ ನಳ, ತುಂಬಿದ ಕೊಡಗಳು, ಕೆಲಸವಿಲ್ಲದೆ ಮಡಚಿಟ್ಟ ಟವೆಲ್ಲುಗಳು.

ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಎದುರಿಗೊಂದು ಆಟೊ ನಿಂತಿತು. ಅದರೊಳಗಿಂದ ಮೊದಲು ಒಂದು ಅಕ್ಕಿಮೂಟೆ ಇಳಿಯಿತು. ಆಮೇಲೆ ಬೇವಿನ ಸೊಪ್ಪಿನ ಕಟ್ಟು. ಆಮೇಲೆ ಪೀರಮ್ಮ.

"ಬರ್ರಿ ಅಳಿಯಂದ್ರ. ಒಳ್ಳೆ ಹೊತ್ತಿಗೇ ಸಿಕ್ರಿ. ಹೊರ್ರಿ."

ಗಾಳೆಪ್ಪನ ತಲೆಯ ಮೇಲೆ ಮೂಟೆ ಬಂತು. ಒಂದು ಕೈಯಲ್ಲಿ ಅದನ್ನು ಹಿಡಿದು, ಇನ್ನೊಂದು ಕೈಯಲ್ಲಿ ಫೋನು ಹಚ್ಚಿದ. ಈ ಸಲ ಅಂಬಿಕಾ ಎತ್ತಿದಳು.

"ಲೇ ಅಂಬಿಕಾ, ನಾ ಗೆದ್ದೀನಿ! ಕತ್ತೆ ಆಗಿಲ್ಲ! ನಿಮ್ಮವ್ವನ್ನ ಯಾಕ ಕರಸ್ದಿ?"

"ನೀವೆಲ್ಲಿ ಗೆದ್ದೀರಿ? ಗೆದ್ದಾಕಿ ನಾನು!" ಅವಳ ದನಿಯಲ್ಲಿ ಹಬ್ಬವಿತ್ತು. "ರೊಟ್ಟಿ ಬಡಿಯಾಕತ್ತಿದ್ದೆ. ನನ್ ಫೋನ್ ಟಿಂಗ್ ಅಂತು. ನೋಡಿದ್ರ, 'ಗಾಳೆಪ್ಪ, ನಿಮ್ಮ ಸರದಿ' ಅಂತ ಬಂದೈತಿ. ನಿಮ್ ಫೋನ್ ಸತ್ತ ಕೂಡ್ಲೆ ಆಟ ಇಲ್ಲಿ ಬಂದೈತಿ! ಬಿಟ್ರ ಸೋಲ್ತೀರಿ, ನಾಳೆ ನೀರು ನನ್ನ ತಲಿಗೇ ಬರ್ತೈತಿ ಅಂತ ಆಡಿಬಿಟ್ಟೆ. ರೊಟ್ಟಿ ಹೊತ್ತಿ ಹೋತು. ಆದ್ರ ಏನ್ ಮಜಾ ಐತ್ರೀ ಅದು!"

"ಅದಕ್ಕ ನಿಮ್ಮವ್ವ ಯಾಕ?"

"ದೀಪಾಗ ಸಂಶಯ ಬಂದು ಫೋನ್ ಮಾಡಿದ್ಲು. ಎಲ್ಲಾ ಹೇಳಿದೆ. ನಾಳಿಂದ ನಿಮ್ ಬದಲಿ ನಾನೇ ಆಡ್ಬೇಕಂತ, ಮನ್ಯಾಗ ಕುಂತು. ನಾ ಆಟಕ್ಕ ಕುಂತ್ರ ರೊಟ್ಟಿ ಬಡಿಯೋರ್ಯಾರು? ಅದಕ್ಕ ಅವ್ವನ್ನ ಕರಸೀನಿ."

ಮೂಟೆ ಒಮ್ಮೆ ಓಲಾಡಿತು.

"ಈಗ ಇಡ್ರಿ ಫೋನ್. ಮಾಸ್ತರ್ರು ಶಾಲಿ ಬಿಟ್ಟು ಬಂದಾಗಿಂದ ಇನ್ನೊಂದು ಆಟ, ಇನ್ನೊಂದು ಆಟ ಅಂತ ಗಂಟು ಬಿದ್ದಾರ. ಬೆಳಗಿಂದು ಲೆಕ್ಕಕ್ಕಿಲ್ಲ, ಇದರಾಗ ನಾ ಸೋತ್ರ ನೀವು, ಅವ್ರು ಸೋತ್ರ ಅವ್ರು ನಾಳೆ ಕಿಟಕ್ಯಾಗ ಟವೆಲ್ ಒಗೀಬೇಕು ಅಂತ ಮಾತಾಗೈತಿ."

"ಬ್ಯಾಡ! ಲೇ, ಆಡಬ್ಯಾಡ! ನಾಳೆ ನೀರೂ ಐತಿ..."

"ಅಯ್ಯ, ನನ್ ಸರದಿ ಬಂತು!" ಎಂದು ಅವಳು ಫೋನು ಇಟ್ಟಳು.

ಗಾಳೆಪ್ಪ ಫೋನನ್ನು ಜೇಬಿಗೆ ಹಾಕಿ, ಮೂಟೆ ಸರಿಪಡಿಸಿಕೊಂಡು, ಕುತ್ತಿಗೆಗೆ ಬೇವಿನ ಕಟ್ಟು ನೇತುಹಾಕಿಕೊಂಡು ಅತ್ತೆಯ ಹಿಂದೆ ಹೊರಟ. ಬಸ್‌ಸ್ಟ್ಯಾಂಡಿನ ನಡುಮಧ್ಯೆ ಬಂದಿರಬೇಕು, ಅವನ ಜೇಬಿನೊಳಗಿಂದ, ಗಂಟಲು ಬಿರಿಯುವಂತೆ, ಕತ್ತೆಯೊಂದು ಕೂಗತೊಡಗಿತು.

ಚಹಾ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟರು. ಮಲಗಿದ್ದ ನಾಯಿಗಳು ಎದ್ದು ದಾರಿ ಬಿಟ್ಟವು. ಮುಂದೆ ಹೋಗುತ್ತಿದ್ದ ಪೀರಮ್ಮ ನಿಂತು, ಹಿಂದಿರುಗಿ, ಅಳಿಯನನ್ನು ಮೇಲಿನಿಂದ ಕೆಳತನಕ ನೋಡಿದಳು.

"ಯಾಕ್ರಿ ಅಳಿಯಂದ್ರ," ಎಂದಳು, "ಹೊರಿ ಭಾರ ಆತೇನು?"