ಏಳು ಹೆಜ್ಜೆಯ ರಾಜದ್ರೋಹ

ಇಷ್ಟಕ್ಕೆಲ್ಲ ಕಾರಣ ಒಂದು ರಬ್ಬರ್ ವಾಷರ್. ಹೆಬ್ಬೆರಳಿನಷ್ಟು ಅಗಲದ ಆ ಕಪ್ಪು ಬಳೆ ಹನ್ನೊಂದು ವರ್ಷ ತನ್ನ ಪಾಡಿಗೆ ತಾನು ಪೈಪಿನ ಸಂದಿಯಲ್ಲಿ ಕೂತಿತ್ತು. ಹರಿಯಲೇಬೇಕು ಅಂತಿದ್ದರೆ ಎಂಟಕ್ಕೆ ಐದು ನಿಮಿಷ ಇರುವಾಗ ಹರಿಯಬಹುದಿತ್ತು, ಎಂಟು ಹೊಡೆದು ಐದು ನಿಮಿಷಕ್ಕಾದರೂ ಹರಿಯಬಹುದಿತ್ತು. ಹಾಳಾದ್ದು, ಎಂಟು ಗಂಟೆ ಇಪ್ಪತ್ತು ಸೆಕೆಂಡಿಗೆ, ನಿಷ್ಠಾಗೀತೆ ಮೊಳಗುತ್ತಿರುವಾಗಲೇ ಹರಿಯಿತು.

ನಿಷ್ಠಾಗೀತೆ ಆ ಉಪಗ್ರಹದ ಪ್ರತಿ ಓಣಿಯಲ್ಲೂ ಬೆಳಗ್ಗೆ ಎಂಟಕ್ಕೆ, ಸಂಜೆ ಆರಕ್ಕೆ ಎರಡೆರಡು ನಿಮಿಷ ಕೇಳಿಸುತ್ತದೆ. ಅಷ್ಟು ಹೊತ್ತು ಜನ ಎಲ್ಲಿದ್ದರೆ ಅಲ್ಲೇ ನಿಲ್ಲಬೇಕು. ಬಲಗೈ ಎದೆಯ ಮೇಲಿಟ್ಟು, ಕಣ್ಣು ಮುಚ್ಚಿ, ಒಂಬತ್ತು ಗ್ರಹಗಳ ಅಧಿಪತಿಯನ್ನು ಮನಸ್ಸಿನಲ್ಲೇ ಕಾಣಬೇಕು. ಅಲುಗಾಡಿದರೆ ರಾಜದ್ರೋಹ. ಕಣ್ಣು ಬಿಟ್ಟರೂ ರಾಜದ್ರೋಹ. ಎರಡಕ್ಕೂ ಶಿಕ್ಷೆ ಒಂದೇ, ಹಿಂಬದಿಯ ಹಿಮದ ಗಣಿ. ಅಲ್ಲಿಗೆ ಬಂಡಿಗಳು ಜನರನ್ನು ತುಂಬಿಕೊಂಡು ಹೋಗುತ್ತಿದ್ದವು, ಬರುವಾಗ ಹಿಮದ ಗಡ್ಡೆಗಳನ್ನಷ್ಟೇ ಹೊತ್ತು ತರುತ್ತಿದ್ದವು.

ಸುರಂಗದಂಥ ಆ ಓಣಿಯಲ್ಲಿ ಹದಿಮೂರು ಮನೆ. ಹೊರಗೆ ಗಾಳಿ ಎಂಬುದೇ ಇಲ್ಲ. ಒಳಗಿನ ಕೆಟ್ಟ ಗಾಳಿಯನ್ನು ಹೊರಕ್ಕೆ ಬಿಡಲು ಒಂದು ದಪ್ಪ ಪೈಪಿತ್ತು. ಅದರ ವಾಷರ್ ಹರಿದರೆ ಕೆಟ್ಟ ಗಾಳಿ, ಒಳ್ಳೇ ಗಾಳಿ ಎಂದು ನೋಡದೆ ಎಲ್ಲವೂ ಹೊರಟುಹೋಗುತ್ತದೆ. ಈ ಪೈಪುಗಳ ಮೇಸ್ತ್ರಿಯೇ ವಾಲ್ವಣ್ಣ. ತಂದೆ ತಾಯಿ ಇಟ್ಟ ಹೆಸರು ಬೇರೆ ಇತ್ತು, ಆದರೆ ಅದು ಈಗ ಹೆಂಡತಿಗೂ ನೆನಪಿರಲಿಲ್ಲ.

ಸುಂಯ್ ಎಂಬ ಸದ್ದು ಕಿವಿಗೆ ಬಿದ್ದದ್ದೇ ವಾಲ್ವಣ್ಣ ಕಣ್ಣು ಮುಚ್ಚಿಕೊಂಡೇ ಲೆಕ್ಕ ಹಾಕಿದ. ಇಂಥ ತೂತಾದರೆ ಓಣಿಯ ಗಾಳಿ ಒಂದು ನಿಮಿಷಕ್ಕೆ ಖಾಲಿ. ಗೀತೆ ಮುಗಿಯಲು ಇನ್ನೂ ಒಂದೂವರೆ ನಿಮಿಷವಿದೆ. ಓಣಿಯಲ್ಲಿ ಹದಿನಾಲ್ಕು ಮಕ್ಕಳು, ಅದರಲ್ಲೊಂದು ಅವನದೇ.

ಅವನು ಕಣ್ಣು ಬಿಟ್ಟ. ಏಳು ಹೆಜ್ಜೆ ಓಡಿದ. ಪೈಪಿನ ವಾಲ್ವ್ ತಿರುಗಿಸಿ ಮುಚ್ಚಿದ. ತಿರುಗಿ ಓಡಿಬಂದು ಮೊದಲಿದ್ದ ಜಾಗದಲ್ಲೇ ಕಣ್ಣು ಮುಚ್ಚಿ ನಿಂತ. ಗೀತೆ ಮುಗಿಯಿತು, ಎಲ್ಲರೂ ಕಣ್ಣು ಬಿಟ್ಟರು. ಎಲ್ಲರೂ ನಿಂತಲ್ಲೇ ನಿಂತಿದ್ದರು, ವಾಲ್ವಣ್ಣನೂ. ಅವನ ಎಡಗಾಲಿನ ಚಪ್ಪಲಿ ಮಾತ್ರ ಏಳು ಹೆಜ್ಜೆಯಾಚೆ ವಾಲ್ವಿನ ಕೆಳಗೆ ಬಿದ್ದಿತ್ತು.

ಇಡೀ ಓಣಿ ಚಪ್ಪಲಿಯನ್ನು ನೋಡಿತು. ಆಮೇಲೆ ಅವನ ಬರಿಗಾಲನ್ನು ನೋಡಿತು. ಆಮೇಲೆ ಎಲ್ಲರಿಗೂ ಏನೋ ಅರ್ಜೆಂಟ್ ಕೆಲಸ ನೆನಪಾಯಿತು.

ಟೈಲರ್ ಮಾಮ ಚಪ್ಪಲಿಯನ್ನು ಕಾಲಿನಿಂದಲೇ ತಳ್ಳುತ್ತಾ ತಂದು ವಾಲ್ವಣ್ಣನ ಬಾಗಿಲಿಗೆ ಬಿಟ್ಟ. ಕೊರಳಿನ ಟೇಪನ್ನು ಸರಿಮಾಡಿಕೊಂಡು ಪಿಸುಗುಟ್ಟಿದ.

"ನಾನೇನೂ ನೋಡಿಲ್ಲಪ್ಪ. ನನ್ ಕಣ್ಣು ಗಟ್ಟಿಯಾಗಿ ಮುಚ್ಚಿತ್ತು. ಆದ್ರೂ ಹೇಳ್ತೀನಿ, ಓಡುವಾಗ ಮಂಡಿ ಅಷ್ಟು ಮೇಲೆ ಎತ್ತಬಾರದಾಗಿತ್ತು. ಪ್ಯಾಂಟಿನ ಹೊಲಿಗೆ ಬಿಟ್ಟಿದೆ ನೋಡು, ಹಿಂದೆ."

ವಾಲ್ವಣ್ಣ ಹಿಂದೆ ಮುಟ್ಟಿ ನೋಡಿಕೊಂಡ. ಬಿಟ್ಟಿತ್ತು.

ಎದುರು ಮನೆಯ ಟೀಚರಮ್ಮ ಕೂದಲಲ್ಲಿ ಬಾಚಣಿಗೆ ಸಿಕ್ಕಿಸಿಕೊಂಡೇ ಬಂದರು.

"ನಾನಂತೂ ಏನೂ ನೋಡಿಲ್ಲ, ವಾಲ್ವಣ್ಣ. ಆದ್ರೆ ತಿರುಗಿಸುವಾಗಲೂ ಬಲಗೈನ ಎದೆ ಮೇಲೇ ಇಟ್ಕೊಂಡು ಎಡಗೈಲಿ ತಿರುಗಿಸಿದ್ರಲ್ಲ, ಅದು ಮನಸ್ಸಿಗೆ ತುಂಬಾ ಹಿಡಿಸ್ತು. ಎಷ್ಟು ಸಂಸ್ಕಾರ!"

"ಟೀಚರಮ್ಮ, ನೀವು ನೋಡಿದ್ರಾ?"

"ಅಯ್ಯೋ, ಬಾಯಿ ಮುಚ್ಚಿ! ನಾನ್ಯಾಕೆ ನೋಡ್ಲಿ?"

ಹೀಗೆ ಉಳಿದ ಹನ್ನೆರಡು ಮನೆಯವರೂ ಬಂದು, ತಾವು ನೋಡಿಲ್ಲದ ಸಂಗತಿಯ ಬಗ್ಗೆ ಒಂದೊಂದು ಸಲಹೆ ಕೊಟ್ಟು ಹೋದರು. ಎಲ್ಲರ ಸಲಹೆ ಕೂಡಿಸಿದರೆ ವಾಲ್ವಣ್ಣನ ಓಟದ ಪೂರ್ತಿ ಚಿತ್ರವೇ ಸಿಗುತ್ತಿತ್ತು. ಉಪಕಾರವಾಯಿತು ಎಂಬ ಒಂದು ಮಾತನ್ನು ಮಾತ್ರ ಯಾರೂ ಆಡಲಿಲ್ಲ. ಆಡಿದರೆ ನೋಡಿದ್ದೇನೆ ಎಂದು ಒಪ್ಪಿಕೊಂಡ ಹಾಗೆ.

ಅವರಲ್ಲೊಬ್ಬರೂ ಬಾಯಿ ಬಿಡುವ ಹಾಗಿಲ್ಲ ಎಂದು ವಾಲ್ವಣ್ಣನಿಗೆ ಹೊಳೆದಾಗ ಹೋದ ಜೀವ ಬಂದಂತಾಯಿತು. ಸಾಕ್ಷಿ ಹೇಳಬೇಕಾದರೆ ಕಣ್ಣು ಬಿಟ್ಟಿರಬೇಕು, ಕಣ್ಣು ಬಿಟ್ಟವನೂ ದ್ರೋಹಿಯೇ. ಅವನು ಹೊಸ ವಾಷರ್ ತರಲು ಗಾಳಿ ಆಫೀಸಿಗೆ ಹೊರಟ.

ಆಫೀಸಿನಲ್ಲಿ ಮೇಲ್ವಿಚಾರಕರು ಒಂದು ಉದ್ದದ ಕಾಗದ ಹಿಡಿದುಕೊಂಡು ಬೆವರುತ್ತಿದ್ದರು.

"ಏನಯ್ಯಾ ಇದು? ನಿಮ್ಮ ಓಣಿ ವಾಲ್ವ್ ಎಂಟು ಗಂಟೆ ಐವತ್ತು ಸೆಕೆಂಡಿಗೆ ಮುಚ್ಚಿದೆ ಅಂತ ಯಂತ್ರ ಬರೆದಿದೆ. ಗೀತೆ ನಡೀತಾ ಇತ್ತಲ್ಲಯ್ಯಾ ಆಗ!"

ಯಂತ್ರಕ್ಕೆ ಮುಚ್ಚಿಕೊಳ್ಳಲು ಕಣ್ಣಿಲ್ಲ ಎಂಬುದನ್ನು ವಾಲ್ವಣ್ಣ ಯೋಚಿಸಿಯೇ ಇರಲಿಲ್ಲ.

"ಸಾರ್, ಮುಚ್ಚದೇ ಇದ್ದಿದ್ರೆ ಮಕ್ಕಳು..."

"ಹೇಳ್ಬೇಡ! ನನಗೇನೂ ಹೇಳ್ಬೇಡ!" ಮೇಲ್ವಿಚಾರಕರು ಎರಡೂ ಕಿವಿ ಮುಚ್ಚಿಕೊಂಡರು. "ತಿಳಿದೂ ದೂರು ಕೊಡದೇ ಇದ್ರೆ ನಾನೂ ಗಣಿಗೇ. ಕಾಗದ ನಿಷ್ಠಾ ಕಚೇರಿಗೆ ಕಳಿಸಾಯ್ತು. ಸಂಜೆ ಐದಕ್ಕೆ ಓಣಿಯವರೆಲ್ಲ ಹಾಜರಾಗ್ಬೇಕಂತೆ. ನೀನು ಒಳ್ಳೇ ಕೆಲಸಗಾರನಾಗಿದ್ದೆ ಕಣಯ್ಯಾ."

ಆಗಿದ್ದೆ ಎಂದದ್ದು ಕೇಳಿ ವಾಲ್ವಣ್ಣನಿಗೆ ಅಳು ಬಂತು. ವಾಷರ್ ಜೇಬಿಗೆ ಹಾಕಿಕೊಂಡು ಮನೆಗೆ ನಡೆದ.

ನಿಷ್ಠಾ ಕಚೇರಿಯ ಕರೆ ಅವನಿಗಿಂತ ಮುಂಚೆಯೇ ಓಣಿಗೆ ಬಂದಿತ್ತು. ಹೆಂಡತಿ ಆಗಲೇ ಉಣ್ಣೆಯ ಅಂಗಿಗಳನ್ನು ಮಡಿಸಿ ಚೀಲಕ್ಕೆ ತುಂಬುತ್ತಿದ್ದಳು. ಟೈಲರ್ ಮಾಮ ಒಂದು ಕಾಲುಚೀಲವನ್ನೂ ಹೊಲಿದು ಕೊಟ್ಟು ಹೋಗಿದ್ದ. ಒಂದೇ ಒಂದು. ಇನ್ನೊಂದಕ್ಕೆ ಬಟ್ಟೆ ಸಾಲದಾಗಿತ್ತಂತೆ.

"ಇದೇನೇ, ಇನ್ನೂ ವಿಚಾರಣೆ ಆಗಿಲ್ಲ."

"ಆಮೇಲೆ ಚೀಲ ತುಂಬೋಕೆ ಅವರು ಟೈಮ್ ಕೊಡ್ತಾರೇನ್ರೀ?" ಎಂದಳು ಅವಳು ತಲೆಯೆತ್ತದೆ. "ಹನ್ನೆರಡು ಮನೆ ಉಳಿಸೋಕೆ ಹೋಗಿ ನಮ್ಮ ಮನೆ ಕಳೆದ್ರಲ್ಲ. ಮಗಳಿಗೆ ಏನು ಹೇಳ್ಲಿ? ಅಪ್ಪ ದೇಶಕ್ಕೆ ದ್ರೋಹ ಮಾಡಿದ ಅಂತ ಹೇಳ್ಲಾ?"

ಆರು ವರ್ಷದ ಮಗಳು ಮೂಲೆಯಲ್ಲಿ ಕೂತು ಆ ಒಂಟಿ ಕಾಲುಚೀಲವನ್ನು ಕೈಗೆ ಹಾಕಿಕೊಂಡು ಆಡುತ್ತಿದ್ದಳು. ಅವಳ ಮುಂದೆ ನಿಲ್ಲಲಾರದೆ ವಾಲ್ವಣ್ಣ ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟು, ಸದ್ದು ಕೇಳದ ಹಾಗೆ ಅತ್ತ. ಅಳುತ್ತಿರುವಾಗಲೂ ನಲ್ಲಿಯ ಬುಡ ಸೋರುತ್ತಿರುವುದು ಕಂಡು ಅದನ್ನು ಬಿಗಿಮಾಡಿದ.

ಸಂಜೆ ಐದಕ್ಕೆ ನಿಷ್ಠಾ ಕಚೇರಿಯ ಜಗಲಿಯಲ್ಲಿ ಓಣಿಯ ದೊಡ್ಡವರೆಲ್ಲ ಸಾಲಾಗಿ ಕೂತಿದ್ದರು. ಒಳಗೆ ಒಂದು ಮೇಜು, ಅದರ ಹಿಂದೆ ನಿಷ್ಠಾಧಿಕಾರಿ, ಪಕ್ಕದಲ್ಲಿ ಎಲ್ಲವನ್ನೂ ಬರೆದುಕೊಳ್ಳುವ ಟೈಪಿಸ್ಟ್ ಹೆಂಗಸು. ಅಧಿಕಾರಿ ಒಬ್ಬೊಬ್ಬರನ್ನೇ ಕರೆದು ಕೇಳಿದರು.

"ಈತ ಅಲುಗಾಡಿದ್ದು ನೋಡಿದ್ರಾ?"

"ನನ್ ಕಣ್ಣು ಮುಚ್ಚಿತ್ತು ಸ್ವಾಮಿ," ಎಂದ ಟೈಲರ್ ಮಾಮ.

"ನನ್ನದೂ," ಎಂದರು ಟೀಚರಮ್ಮ. "ಮಕ್ಕಳಿಗೆ ಅದನ್ನೇ ಕಲಿಸ್ತೀನಿ."

ಹನ್ನೆರಡು ಮನೆಯಿಂದಲೂ ಅದೇ ಉತ್ತರ ಬಂತು. ಎಲ್ಲರೂ ಹೊರಗೆ ಹೋದಮೇಲೆ ಅಧಿಕಾರಿ ವಾಲ್ವಣ್ಣನನ್ನು ಒಳಗೆ ಕರೆದರು. ಕುರ್ಚಿಗೆ ಒರಗಿ ಆಕಳಿಸಿದರು.

"ಸಾಕ್ಷಿ ಇಲ್ಲ. ಯಂತ್ರ ಒಂದನ್ನೇ ನಂಬ್ಕೊಂಡ್ರೆ ಕೇಸು ನಿಲ್ಲೋದಿಲ್ಲ. ಅದರ ಗಡಿಯಾರ ಕೆಟ್ಟಿದೆ ಅಂತ ಷರಾ ಬರೀತೀನಿ. ನೀನು ಕಣ್ಣು ಮುಚ್ಚಿ ನಿಂತಿದ್ದೆ, ಅಷ್ಟೇ ತಾನೆ?"

"ಅಷ್ಟೇ ಸ್ವಾಮಿ!"

"ಸರಿ, ಸಹಿ ಹಾಕಿ ಮನೆಗೆ ಹೋಗು."

ವಾಲ್ವಣ್ಣನಿಗೆ ಕಣ್ಣು ತುಂಬಿ ಬಂತು. ತೆರೆದ ಬಾಗಿಲಾಚೆ ಹೆಂಡತಿ ಚೀಲ ತಬ್ಬಿಕೊಂಡು ನಿಂತಿದ್ದಳು. ಅವಳ ಹಿಂದೆ ಓಣಿಯ ಜನ ಕೊರಳು ಚಾಚಿ ನೋಡುತ್ತಿದ್ದರು. ಒಬ್ಬರೇ ಒಬ್ಬರೂ ತನ್ನ ಹೆಸರು ಹೇಳಲಿಲ್ಲವಲ್ಲ! ಅವನು ಸಹಿ ಹಾಕಿದ.

ಅಧಿಕಾರಿ ಪೆನ್ನು ಮುಚ್ಚುತ್ತಾ, ಸುಮ್ಮನೆ ಮಾತಿಗೆ ಎಂಬಂತೆ ಕೇಳಿದರು.

"ನಿಮ್ಮ ಓಣಿಯವರು ಹೇಗೆ? ನಂಬಬಹುದಾ? ಇಲ್ಲಾ ಅವರ ಮೇಲೂ ಒಂದು ಕಣ್ಣಿಟ್ಟಿರಬೇಕಾ?"

ಮಂಡಿ ಎತ್ತಿದ್ದನ್ನು ಕಂಡ ಟೈಲರ್ ಮಾಮ, ಎಡಗೈ ಕಂಡ ಟೀಚರಮ್ಮ, ಅವರೆಲ್ಲ ಗಣಿಗೆ ಹೋಗುವುದೆಂದರೇನು! ಋಣ ತೀರಿಸಲು ಇದಕ್ಕಿಂತ ಒಳ್ಳೇ ಸಮಯ ಸಿಗದು ಎಂದು ವಾಲ್ವಣ್ಣನಿಗೆ ಅನಿಸಿತು.

"ಚಿನ್ನದಂಥ ಜನ ಸ್ವಾಮಿ! ಪೈಪು ಅಷ್ಟು ಜೋರಾಗಿ ಕೂಗ್ತಾ ಇದ್ರೂ ಒಬ್ಬರಾದ್ರೂ ಅಲುಗಾಡ್ಬೇಕಲ್ಲ! ಎಲ್ಲರೂ ಕಣ್ಣು ಮುಚ್ಕೊಂಡು ಗೊಂಬೆ ಹಾಗೆ ನಿಂತಿದ್ರು. ಟೈಲರ್ ಮಾಮನ ಕಣ್ಣಂತೂ ಗಟ್ಟಿಯಾಗಿ ಮುಚ್ಚಿತ್ತು. ಟೀಚರಮ್ಮನ ರೆಪ್ಪೆ ಕೂಡ ಅಲ್ಲಾಡ್ಲಿಲ್ಲ."

ಟೈಪಿಸ್ಟಳ ಬೆರಳುಗಳು ನಿಂತವು. ಜಗಲಿಯಲ್ಲಿ ಯಾರೋ ಅಯ್ಯೋ ಎಂದರು. ಬಹುಶಃ ಟೀಚರಮ್ಮ.

ಅಧಿಕಾರಿ ನಿಧಾನವಾಗಿ ಮುಂದಕ್ಕೆ ಬಾಗಿದರು. "ಟೀಚರಮ್ಮನ ರೆಪ್ಪೆ ಅಲ್ಲಾಡ್ಲಿಲ್ಲ ಅಂತ ನಿನಗೆ ಹೇಗಯ್ಯಾ ಗೊತ್ತು?"

ನಿಜ ಹೇಳಬೇಕೆಂದರೆ ಬೆಳಗ್ಗೆ ಆ ಹೊತ್ತಿನಲ್ಲಿ ವಾಲ್ವಣ್ಣ ವಾಲ್ವ್ ಬಿಟ್ಟರೆ ಬೇರೇನನ್ನೂ ನೋಡಿರಲಿಲ್ಲ. ನೋಡದೇ ಇದ್ದದ್ದನ್ನು, ಅದೂ ನಡೆಯದೇ ಇದ್ದದ್ದನ್ನು, ನೋಡಿದೆನೆಂದು ಒಪ್ಪಿಕೊಂಡು ಕೂತಿದ್ದ. ಸುಳ್ಳು ಎನ್ನೋಣವೆಂದರೆ ಹನ್ನೆರಡು ಮನೆಯವರೂ ಗಣಿಯ ಪಾಲು.

"ಬರ್ಕೊಳ್ಳಮ್ಮಾ," ಎಂದರು ಅಧಿಕಾರಿ. "ಆರೋಪಿ ತಾನೇ ಒಪ್ಕೊಂಡ. ಇನ್ನು ಸಾಕ್ಷಿ ಬೇಕಾಗಿಲ್ಲ."

ಅಷ್ಟರಲ್ಲಿ ಆರು ಹೊಡೆಯಿತು. ಗೋಡೆಯ ಧ್ವನಿವರ್ಧಕದಿಂದ ನಿಷ್ಠಾಗೀತೆ ಹೊರಟಿತು. ಅಧಿಕಾರಿ, ಟೈಪಿಸ್ಟ್, ಜಗಲಿಯ ಜನ ಎಲ್ಲರೂ ಎದ್ದು, ಎದೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದರು. ವಾಲ್ವಣ್ಣನೂ ಮುಚ್ಚಿದ.

ಬಾಗಿಲು ತೆರೆದೇ ಇತ್ತು. ಬರೀ ಮೂರು ಹೆಜ್ಜೆ. ಓಡಿದರೆ ನೋಡುವವರು ಯಾರೂ ಇಲ್ಲ. ಆದರೆ ಹೊರಗೆ ಗಾಳಿಯೇ ಇಲ್ಲದ ಊರಿನಲ್ಲಿ ಓಡುವುದಾದರೂ ಎಲ್ಲಿಗೆ? ಓಡುವುದು ಬೇಡ, ಕಣ್ಣು ಬಿಟ್ಟು ಒಂದು ಸಲ ಹೆಂಡತಿಯ ಮುಖವನ್ನಾದರೂ ನೋಡಿಕೊಳ್ಳಬಹುದು. ಎರಡು ನಿಮಿಷ ಪೂರ್ತಿ ನೋಡಬಹುದು. ಗಣಿಗೆ ಹೋಗುವುದು ಹೇಗೂ ಖಾಯಂ ಆಗಿತ್ತು, ಅದಕ್ಕಿಂತ ಹೆಚ್ಚಿನ ಶಿಕ್ಷೆ ಆ ಕಾನೂನಿನಲ್ಲಿ ಇರಲಿಲ್ಲ. ಆದರೂ ನಲವತ್ತೆರಡು ವರ್ಷದ ಅಭ್ಯಾಸ, ಅವನ ರೆಪ್ಪೆ ಮೇಲೇಳಲಿಲ್ಲ. ಮುಚ್ಚಿದ ಕಣ್ಣಿನಿಂದಲೇ ನೀರು ಇಳಿಯಿತು.

ಗೀತೆ ಎರಡನೇ ಚರಣಕ್ಕೆ ಬಂದಾಗ ಎದುರಿನ ಕುರ್ಚಿ ಪಕ್ಕಕ್ಕೆ ಸರಿದ ಸದ್ದಾಯಿತು. ಬೂಟುಗಳು ಮೆಲ್ಲಗೆ ನಾಲ್ಕು ಹೆಜ್ಜೆ ನಡೆದುಬಂದವು. ಅವನ ಮಣಿಕಟ್ಟಿಗೆ ತಣ್ಣನೆಯದೇನೋ ತಗಲಿ ಕಟಕ್ಕೆಂದಿತು. ಬೂಟುಗಳು ನಾಲ್ಕು ಹೆಜ್ಜೆ ವಾಪಸ್ಸು ಹೋದವು.

ಗೀತೆ ಮುಗಿಯಿತು. ವಾಲ್ವಣ್ಣ ಕಣ್ಣು ಬಿಟ್ಟ. ಕೈಯಲ್ಲಿ ಬೇಡಿ ಇತ್ತು. ಅಧಿಕಾರಿ ಮೇಜಿನಾಚೆ, ಮೊದಲಿದ್ದಲ್ಲೇ, ಎದೆಯ ಮೇಲೆ ಕೈಯಿಟ್ಟು ಭಕ್ತಿಯಿಂದ ನಿಂತಿದ್ದರು.

ವಾಲ್ವಣ್ಣ ಬೇಡಿಯನ್ನು ನೋಡಿದ, ಅಧಿಕಾರಿಯನ್ನು ನೋಡಿದ, ಕೊನೆಗೆ ಟೈಪಿಸ್ಟ್ ಕಡೆ ತಿರುಗಿದ.

"ನನ್ ಕಣ್ಣು ಮುಚ್ಚಿತ್ತು," ಎಂದಳು ಆಕೆ, ಕಾಗದ ಸರಿಮಾಡಿಕೊಳ್ಳುತ್ತಾ.

"ನೀನೇನಾದ್ರೂ ನೋಡಿದ್ಯೇನಯ್ಯಾ?" ಎಂದು ಅಧಿಕಾರಿ ಕೇಳಿದರು.

"ಇಲ್ಲ ಸ್ವಾಮಿ," ಎಂದ ವಾಲ್ವಣ್ಣ. "ನಾನೇನೂ ನೋಡಿಲ್ಲ."

"ಇಷ್ಟೇ ನೋಡು ಬೇಕಾಗಿದ್ದ ಉತ್ತರ," ಎಂದರು ಅಧಿಕಾರಿ, ನಿಜವಾಗಿಯೂ ಬೇಸರಪಟ್ಟುಕೊಂಡು. "ಹತ್ತು ನಿಮಿಷ ಮುಂಚೆ ಹೇಳಿದ್ದಿದ್ರೆ ಇಷ್ಟು ಹೊತ್ತಿಗೆ ಮನೇಲಿರ್ತಿದ್ದೆ."