ಎರಡು ಅಡ್ಡಗೆರೆ ಮತ್ತು ಬೊಂಬೆ ಪುಸ್ತಕ

ಕೆಲವರಿಗೆ ಸಾರಿಗೆ ಉಪ್ಪು ಕಡಿಮೆಯಾದರೆ ಸಿಟ್ಟು ಬರುತ್ತದೆ, ನನಗೆ ಗೆರೆ ಕಡಿಮೆಯಾದರೆ. ಚನ್ನಪಟ್ಟಣದ ಒಂದು ಪುಟ್ಟ ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ವಿಷಯಶೀರ್ಷಿಕೆ ಕೊಡುವುದು, ಅಂದರೆ ಯಾವ ಪುಸ್ತಕ ಯಾವುದರ ಬಗ್ಗೆ ಎಂದು ಕಂಪ್ಯೂಟರಿನಲ್ಲಿ ದಾಖಲಿಸುವುದು, ನನ್ನ ಕೆಲಸ. ಮಾಗಡಿಯ ರೇಷ್ಮೆಯ ಪುಸ್ತಕವಾದರೆ ‘ರೇಷ್ಮೆ’ ಎಂದು ಬರೆದು, ಎರಡು ಅಡ್ಡಗೆರೆ ಎಳೆದು, ‘ಮಾಗಡಿ’ ಎನ್ನಬೇಕು. ಒಂದೇ ಗೆರೆ ಕೂಡದು, ನಡುವೆ ಜಾಗ ಬಿಡಕೂಡದು, ಕೊನೆಗೆ ಚುಕ್ಕಿಯಂತೂ ಇಡಲೇಬಾರದು. ಈ ಚಟ ಎಷ್ಟರಮಟ್ಟಿಗೆಂದರೆ, ಅಡುಗೆಮನೆಯ ಡಬ್ಬಿಗಳ ಮೇಲೂ ‘ಬೇಳೆ--ತೊಗರಿ’ ಎಂದು ಚೀಟಿ ಅಂಟಿಸಿದ್ದೇನೆ. ಅದನ್ನು ನೋಡಿದ ನಮ್ಮ ಯಜಮಾನರು, “ನನ್ನ ಬೆನ್ನಿಗೂ ಒಂದು ಅಂಟಿಸಿಬಿಡು, ‘ಗಂಡ--ಹಳೆಯದು’ ಅಂತ” ಅಂದಿದ್ದರು.

ಮೊನ್ನೆ ಬೆಳಿಗ್ಗೆ ಬೊಂಬೆ ಮಾಡುವ ಬಾಷಾ ಸಾಬರು ತಂಗಿಯನ್ನು ಕರೆದುಕೊಂಡು ಬಂದರು. ಆಕೆ ಕನಕಪುರಕ್ಕೆ ಮದುವೆಯಾಗಿ ಹೋದವರು. “ಮೇಡಂ, ಇಲ್ಲಿ ಬೊಂಬೆ ಪುಸ್ತಕ ಒಂದೈತೆ, ಅದ್ರಲ್ಲಿ ನಮ್ಮ ಅಬ್ಬಾ ಫೋಟೋ ಐತೆ. ಮನೇಲಿ ಒಂದೂ ಇಲ್ಲ. ಅವರು ತೀರಿಹೋದಾಗ ಇವಳು ತೊಟ್ಲಲ್ಲಿದ್ಲು, ಮುಖಾನೇ ನೋಡಿಲ್ಲ. ಒಸಿ ಹುಡುಕಿಕೊಡಿ” ಅಂದರು. ಪುಸ್ತಕದ ಹೆಸರು ಮಾತ್ರ ಅವರಿಗೆ ನೆನಪಿಲ್ಲ. ವಿಷಯಶೀರ್ಷಿಕೆ ಇರುವುದೇ ಇಂಥ ಹೊತ್ತಿಗೆ. ನಾನು ಹುರುಪಿನಿಂದ ಕಂಪ್ಯೂಟರಿನಲ್ಲಿ ‘ಬೊಂಬೆಗಳು--ಚನ್ನಪಟ್ಟಣ’ ಎಂದು ಒತ್ತಿದೆ. ನಾಲ್ಕು ಪುಸ್ತಕ ಬಂದವು. ನಾಲ್ಕನ್ನೂ ಕಪಾಟಿನಿಂದ ತೆಗೆದು ಪುಟಪುಟ ತಿರುವಿದೆವು. ಅವರ ತಂದೆ ಎಲ್ಲೂ ಇಲ್ಲ. “ಹೋಗ್ಲಿ ಬಿಡಿ ಮೇಡಂ, ಬಸ್ಸಿಗೆ ಹೊತ್ತಾಯ್ತು” ಎಂದು ತಂಗಿ ಎದ್ದು ನಿಂತರು.

ಆಗ ನನಗೊಂದು ಅನುಮಾನ ಬಂತು. ಯಾರಾದರೂ ಒಂದೇ ಗೆರೆ ಎಳೆದಿದ್ದರೆ? ನಮ್ಮ ಕಂಪ್ಯೂಟರಿಗೆ ಒಂದು ಗೆರೆಯ ಬೊಂಬೆಯೇ ಬೇರೆ, ಎರಡು ಗೆರೆಯದೇ ಬೇರೆ. “ಒಂದು ನಿಮಿಷ ಕೂತ್ಕೊಳ್ಳಿ” ಎಂದು ಒಂದೇ ಗೆರೆ ಹಾಕಿ ಹುಡುಕಿದೆ. ಐದನೆಯ ಪುಸ್ತಕವೊಂದು ಬಂತು. ಕಪಾಟಿನ ತನಕ ನಾನು ನಡೆಯಲಿಲ್ಲ, ಓಡಿದೆ.

ನಡುಪುಟದಲ್ಲಿ ಅವರ ಅಬ್ಬಾ ಇದ್ದರು, ತಿರುಗುವ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿ ಹಿಡಿದು. ತಂಗಿ ಆ ಮುಖವನ್ನು ಬೆರಳಿನಿಂದ ಮುಟ್ಟಿ, “ನಮ್ಮ ಭಾಯ್‌ದೇ ಮೂಗು ನೋಡಿ ಮೇಡಂ” ಎಂದು ನಕ್ಕರು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ಬಸ್ಸಿನ ಮಾತು ಯಾರೂ ಎತ್ತಲಿಲ್ಲ.

ಅವರು ಫೋನಿನಲ್ಲಿ ಆ ಪುಟದ ಚಿತ್ರ ತೆಗೆದುಕೊಳ್ಳುವಷ್ಟರಲ್ಲಿ, ಒಂದೇ ಗೆರೆ ಎಳೆದ ಮಹಾನುಭಾವರು ಯಾರೆಂದು ನೋಡಿ ನಾಳೆ ಸರಿಯಾಗಿ ಪಾಠ ಹೇಳೋಣವೆಂದು ಕಂಪ್ಯೂಟರಿನ ಮುಂದೆ ಕೂತೆ. ‘ದಾಖಲಿಸಿದವರು’ ಎಂಬಲ್ಲಿ ನನ್ನದೇ ಹೆಸರಿತ್ತು. ಹೊರಡುವಾಗ ಬಾಷಾ ಸಾಬರು, “ನೀವು ಇಲ್ದಿದ್ರೆ ಇದು ಸಿಗ್ತಾನೇ ಇರ್ಲಿಲ್ಲ ಮೇಡಂ” ಅಂದರು. ನಾನು ಇಲ್ಲದಿದ್ದರೆ ಇನ್ನೂ ಬೇಗ ಸಿಗುತ್ತಿತ್ತು ಎಂದುಕೊಂಡೆ. ಅವರಿಗೆ ಕೈಮುಗಿದು ಕಳಿಸಿ, ಇನ್ನೊಂದು ಗೆರೆ ಎಳೆದೆ.