ಅವ್ವನ ಕೌದಿ ಮತ್ತು ನನ್ನ ಲವಂಗ

ಮನೆಗೆ ಬಂದ ಇಲಿಯನ್ನು ನಾನು ಕೊಲ್ಲುವವನಲ್ಲ. ಇದನ್ನು ದಯೆ ಎಂದು ಯಾರಾದರೂ ತಿಳಿದುಕೊಂಡರೆ ತಿದ್ದಲು ಹೋಗುವುದೂ ಇಲ್ಲ. ಆದರೆ ನಿಮ್ಮ ಮುಂದೆ ನಿಜ ಹೇಳಬೇಕು. ಹಿಂದೊಮ್ಮೆ ಪಾಷಾಣ ಇಟ್ಟಿದ್ದೆ. ಅದನ್ನು ತಿಂದ ಇಲಿ, ನಾಲ್ಕು ಜನ ಸೇರಿದರೂ ಅಲುಗದ ಬೀರುವಿನ ಹಿಂದೆ ಹೋಗಿ ಪ್ರಾಣ ಬಿಟ್ಟಿತು. ಬದುಕಿದ್ದಾಗ ಅಂಗೈಯಷ್ಟಿದ್ದ ಜೀವ ಸತ್ತ ಮೇಲೆ ಇಡೀ ಮನೆ ತುಂಬಿಕೊಂಡಿತು. ಎಂಟು ದಿನ ನಾವು ಜಗಲಿಯಲ್ಲಿ ಕೂತು ಉಂಡೆವು. ಅಂದಿನಿಂದ ನಾನು ಅಹಿಂಸಾವಾದಿ.

ಹಾಗಾಗಿ ಈ ವರ್ಷ ದಾವಣಗೆರೆಯ ಎಸ್.ಎಸ್. ಬಡಾವಣೆಯ ನಮ್ಮ ಮನೆಗೆ ಮತ್ತೆ ಇಲಿ ಬಂದು, ಅಡುಗೆಮನೆಯ ಮಂಡಕ್ಕಿ ಚೀಲಕ್ಕೆ ಬಾಯಿ ಹಾಕಿದಾಗ ನೈಸರ್ಗಿಕ ಉಪಾಯಗಳೇ ಆಗಬೇಕೆಂದು ಹೆಂಡತಿ ಗಿರಿಜಾಗೆ ಖಡಾಖಂಡಿತವಾಗಿ ಹೇಳಿಬಿಟ್ಟೆ. ಮಂಡಕ್ಕಿಯನ್ನು ಮುಚ್ಚಳದ ಡಬ್ಬಿಗೆ ಸುರಿದೆ. ಬಚ್ಚಲ ಕೊಳವೆಯ ಸಂದಿಗೆ ಪಾತ್ರೆ ತಿಕ್ಕುವ ಸ್ಟೀಲ್ ನಾರು ತುರುಕಿದೆ. ಪುದೀನ ಎಣ್ಣೆಯಲ್ಲಿ ಅದ್ದಿದ ಹತ್ತಿಯುಂಡೆಗಳನ್ನು ಒಲೆಯ ಹಿಂದೆ ಇಟ್ಟೆ. ಲವಂಗ, ಪಲಾವ್ ಎಲೆ ಸೇರಿಸಿ ಬಟ್ಟೆಯಲ್ಲಿ ಗಂಟು ಕಟ್ಟಿ ಮೂಲೆಮೂಲೆಗೂ ತೂಗುಹಾಕಿದೆ. ಇದರಿಂದ ಮೊದಲು ಆಕರ್ಷಿತರಾದವರು ಪಕ್ಕದ ಮನೆಯ ಮಾಸ್ತರರು. ಪೇಪರು ಕೊಡಲು ಬಂದವರು ಮೂಗು ಅರಳಿಸಿ, ಆಮೇಲೆ ಲೋಕಾಭಿರಾಮ ಮಾತಾಡುತ್ತ ಒಂದೂವರೆ ತಾಸು ಕೂತರು. ಕೊನೆಗೆ ಗಿರಿಜಾ ಮಂಡಕ್ಕಿ ಒಗ್ಗರಣೆ ತಂದಿಟ್ಟಾಗ ಅವರ ಮುಖದ ಮೇಲೆ ಕಂಡ ನಿರಾಸೆಯನ್ನು ನಾನು ಇವತ್ತಿಗೂ ಮರೆತಿಲ್ಲ. ಮನುಷ್ಯ ಪಲಾವಿಗೆ ಆಸೆಪಡುವುದು ತಪ್ಪೇನಲ್ಲ.

ಇಲಿ ಮಾತ್ರ ಅಡುಗೆಮನೆಯಿಂದ ಮಾಯವಾಯಿತು. ನಾನು ಉಬ್ಬಿಹೋದೆ. ಬೆಳಗಿನ ವಾಕಿಂಗಿನಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ ಲವಂಗದ ಮಹಿಮೆ ಕೊಂಡಾಡಿದೆ. ಕೆಲವರು ನನ್ನನ್ನು ಕಂಡರೆ ದಾರಿ ಬದಲಿಸತೊಡಗಿದರು.

ಅಷ್ಟರಲ್ಲಿ ಹರಿಹರದಿಂದ ನಮ್ಮ ಶಾಂತಕ್ಕನ ಫೋನು. ಅವಳ ಮಗಳು ಹೆತ್ತಿದ್ದಳು. "ಬರೋ ಭಾನುವಾರ ಕೂಸನ್ನ ತೊಟ್ಟಿಲಿಗೆ ಹಾಕ್ತೀವಿ. ಅವ್ವನ ಕೌದಿ ತರೋದು ಮರೀಬ್ಯಾಡಪ್ಪ."

ಅಪ್ಪನ ಧೋತರ, ಅವ್ವನ ಇಳಕಲ್ ಸೀರೆ, ನನ್ನ ಚಡ್ಡಿ, ಅಕ್ಕನ ಲಂಗ, ಎಲ್ಲದರ ಚೂರುಗಳನ್ನೂ ಸೇರಿಸಿ ಅವ್ವ ಕೈಯಲ್ಲೇ ಹೊಲಿದ ಕೌದಿ ಅದು. ಅಕ್ಕನ ಮಕ್ಕಳನ್ನೂ ನನ್ನ ಮಕ್ಕಳನ್ನೂ ಮೊದಲ ಸಲ ತೊಟ್ಟಿಲಲ್ಲಿ ಮಲಗಿಸಿದ್ದು ಅದರ ಮೇಲೆಯೇ. ಅವ್ವ ಹೋದ ಮೇಲೆ ಅವಳ ಕೈಯ ಕೆಲಸವೆಂದು ಉಳಿದಿದ್ದೂ ಅದೊಂದೇ. ನಾನು ಜೋಪಾನ ಮಾಡ್ತೀನಿ ಎಂದು ಅಕ್ಕನ ಕೈಯಿಂದ ಕಸಿದುಕೊಂಡಂತೆ ತಂದು, ಹಿಂದಿನ ಕೋಣೆಯ ಟ್ರಂಕಿನಲ್ಲಿಟ್ಟವನು ನಾನೇ. ಆ ಕೋಣೆಯಲ್ಲಿ ತಿನ್ನುವಂಥದ್ದು ಏನೂ ಇಲ್ಲವಲ್ಲ ಎಂದು ಅಲ್ಲಿಗೆ ಒಂದು ಲವಂಗವನ್ನೂ ಇಟ್ಟಿರಲಿಲ್ಲ.

ಟ್ರಂಕಿನ ತಳ ತುಕ್ಕು ಹಿಡಿದು ತೂತಾಗಿತ್ತು. ಕೌದಿ ಎತ್ತಿದರೆ ಒಂದು ಮೂಲೆಯಲ್ಲಿ ನಿಂಬೆಹಣ್ಣು ತೂರುವಷ್ಟು ಕಿಂಡಿ. ನೆಲದ ಮೇಲೆ ಹಾಸಿ, ಬೇರೆಲ್ಲಾದರೂ ಕಡಿದಿದೆಯೇ ಎಂದು ಹುಡುಕಿದೆ. ಗಿರಿಜಾ ಬಾಗಿಲಿಗೆ ಬಂದು ನಿಂತಳು. "ಅಡಿಗೆಮನ್ಯಾಗೇ ಇದ್ದಿದ್ರೆ ಒಂದು ಹಿಡಿ ಬ್ಯಾಳೆ ತಿಂದು ಸುಮ್ನಿರ್ತಿತ್ತು. ನೀವೇ ವಾಸನೆ ಹಾಕಿ ಇಲ್ಲಿಗೆ ಕಳಿಸಿದ್ರಿ" ಅಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ದಾವಣಗೆರೆಯಿಂದ ಹರಿಹರಕ್ಕೆ ಬಸ್ಸಿನಲ್ಲಿ ಅರ್ಧ ತಾಸಿನ ದಾರಿ. ಆ ಭಾನುವಾರ ಅದು ಮುಗಿಯಲೇ ಇಲ್ಲ. ಕೌದಿಯನ್ನು ತೊಡೆಯ ಮೇಲಿಟ್ಟುಕೊಂಡು, ಅಕ್ಕನಿಗೆ ಹೇಳಬೇಕಾದ ಮಾತನ್ನು ಹತ್ತು ರೀತಿ ಜೋಡಿಸಿದೆ. ಹತ್ತರಲ್ಲೂ ತಪ್ಪು ಇಲಿಯದೇ ಆಗಿತ್ತು.

ಶಾಂತಕ್ಕ ಮಾತಿಗೆ ಅವಕಾಶವನ್ನೇ ಕೊಡಲಿಲ್ಲ. ಕೌದಿ ಬಿಚ್ಚಿದಳು. ನಾನು ಮೂಲೆಯ ಮೇಲೆ ಕೈ ಇಟ್ಟುಕೊಂಡೇ ಇದ್ದೆ. ಕೈ ಸರಿಸಿ, ಕಿಂಡಿಯೊಳಗೆ ಬೆರಳಾಡಿಸಿದಳು. ಆಮೇಲೆ ನಿಧಾನವಾಗಿ ಕೇಳಿದಳು: "ಬ್ಯಾರೆ ಎಲ್ಲೂ ಕಡಿದಿಲ್ಲ, ಈ ಮೂಲೇನೇ ಯಾಕ ಕಡೀತು ಅಂತ ಗೊತ್ತೈತೇನೋ?"

ಗೊತ್ತಿರಲಿಲ್ಲ. ಕೌದಿ ಮುಗಿಸುವಾಗ ಕೊನೆಯ ಮೂಲೆಯಲ್ಲಿ ಒಂದು ಚೂರು ರೊಟ್ಟಿ ಇಟ್ಟು ಹೊಲಿಯುವುದು ನಮ್ಮವರ ಪದ್ಧತಿಯಂತೆ. ಕೌದಿಯ ಹೊಟ್ಟೆ ಹಸಿದಿರಬಾರದು. ಹಸಿದ ಕೌದಿ ಹೊದ್ದವರನ್ನು ಬೆಚ್ಚಗಿಡುವುದಿಲ್ಲ. "ಅವ್ವ ರೊಟ್ಟಿ ಇಡಾಕೆ ಹೊಂಟಿದ್ಲು. ರೊಟ್ಟಿ ಬ್ಯಾಡ, ಮಂಡಕ್ಕಿ ಹಾಕು ಅಂತ ಅವಳ ಸೆರಗು ಹಿಡಿದು ಅತ್ತವ ನೀನು. ನಿನ್ನ ಕಾಟಕ್ಕೆ ಒಂದು ಹಿಡಿ ಹಾಕಿ ಹೊಲಿದ್ಲು."

ನನಗೆ ಆಗ ಐದು ವರ್ಷವಂತೆ. ಈಗ ಅರವತ್ತು ದಾಟಿದೆ. ಅಷ್ಟು ವರ್ಷದ ಮಂಡಕ್ಕಿ ಮೆತ್ತಗಾಗಿದ್ದರ ಬಗ್ಗೆ ಇಲಿಗೂ ತಕರಾರಿದ್ದಿರಬೇಕು. ಆದರೂ ಅವ್ವನ ಕೈಯಿಂದ ಬಂದ ಕೊನೆಯ ತುತ್ತನ್ನು ಅದು ತಿಂದಿತ್ತು, ನಾನು ತಿಂದಿರಲಿಲ್ಲ.

ಅಕ್ಕ ಸೂಜಿ-ದಾರ ತಂದಳು. ಒಳಗಿಂದ ಒಂದು ಹಿಡಿ ಹೊಸ ಮಂಡಕ್ಕಿ ತರಿಸಿ ಕಿಂಡಿಗೆ ತುಂಬಿದಳು. ನಾನು ಮೆಲ್ಲಗೆ ಜೇಬಿನಿಂದ ಎರಡು ಲವಂಗ ತೆಗೆದು, ಜೊತೆಗೆ ಇವನ್ನೂ ಹಾಕಿದರೆ ಹೇಗೆ ಎಂದೆ. ಅಕ್ಕ ತಲೆ ಎತ್ತದೆ ದಾರ ಎಳೆದಳು. "ಉಣ್ಣಾಕೆ ಇಟ್ಟಮ್ಯಾಲೆ ಔಷಧಿ ಯಾಕ ಹಾಕ್ತೀಯ. ಟ್ರಂಕಿನಾಗೆ ಮುಚ್ಚಿಡಬ್ಯಾಡ, ಸಾಕು."

ಕೂಸು ಅದರ ಮೇಲೆ ಮಲಗಿ ಕಣ್ಣು ಮುಚ್ಚಿತು. ಕೌದಿ ಈಗ ಹರಿಹರದಲ್ಲೇ ಇದೆ, ದಿನವೂ ಒದ್ದೆಯಾಗುತ್ತದೆ, ದಿನವೂ ಬಿಸಿಲು ಕಾಣುತ್ತದೆ, ಯಾವ ಇಲಿಯೂ ಅದರ ಹತ್ತಿರ ಸುಳಿದಿಲ್ಲ. ಇಲಿಗೆ ಉಪಾಯ ಕೇಳಿದವರಿಗೆ ನಾನು ಈಗಲೂ ಲವಂಗ, ಪುದೀನ, ಸ್ಟೀಲ್ ನಾರು ಎಲ್ಲವನ್ನೂ ಹೇಳುತ್ತೇನೆ. ಆ ಇಲಿಯನ್ನು ಐದು ವರ್ಷದವನಿದ್ದಾಗಲೇ ಅತ್ತು ರಂಪ ಮಾಡಿ ಊಟಕ್ಕೆ ಕರೆದವನು ನಾನು ಎಂಬುದನ್ನು ಮಾತ್ರ ಹೇಳುವುದಿಲ್ಲ.